ಸಹಾಯ ಬೇಕು: ಲಂಚದ ಅನುಭವವನ್ನು ಜನರಿಂದ ಕೇಳುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಸರ್ಕಾರಿ ಭ್ರಷ್ಟಾಚಾರ ಸಾಮಾನ್ಯ ಜನರನ್ನು ಹೇಗೆ ತಟ್ಟುತ್ತದೆ ಅನ್ನೋದರ ಮೇಲೆ ಪ್ರಶ್ನಾವಳಿ ತಯಾರಿಸುತ್ತಿದ್ದೇನೆ. ಭ್ರಷ್ಟಾಚಾರದ ವಿರುದ್ಧ ಕೆಲಸ ಮಾಡುವ ಅಂತರರಾಷ್ಟ್ರೀಯ ಸಂಸ್ಥೆ ಟ್ರಾನ್ಸ್‌ಪರೆನ್ಸಿ ಇಂಟರ್‌ನ್ಯಾಷನಲ್ 1995ರಿಂದ ಪ್ರಕಟಿಸುತ್ತಿರುವ, ದೇಶಗಳ ಭ್ರಷ್ಟಾಚಾರವನ್ನು ಅಳೆಯುವ ಸೂಚ್ಯಂಕ ತಜ್ಞರು, ಉದ್ಯಮಿಗಳ ಅಭಿಪ್ರಾಯದ ಮೇಲೆ ನಿಂತಿದೆ; ಜನರನ್ನೇ ನೇರವಾಗಿ ಕೇಳುವುದು 2003ರಲ್ಲಿ ಶುರುವಾದ, ಅದೇ ಸಂಸ್ಥೆಯ 'ಬ್ಯಾರೋಮೀಟರ್' ಎಂಬ ಸಮೀಕ್ಷೆ. ನನಗೆ ಬೇಕಿರುವುದು ಈ ಎರಡನೇ ಬಗೆಯದು.

ತೊಡಕು ಇಲ್ಲೇ. 'ಭ್ರಷ್ಟಾಚಾರ ಇದೆಯಾ?' ಅಂದರೆ ತಕ್ಷಣ ಹೌದು ಅಂತಾರೆ. 'ನೀವು ಕೊಟ್ಟಿದ್ದೀರಾ?' ಅಂದರೆ ಬಾಯಿ ಬಿಡುವುದಿಲ್ಲ, ಹೆದರಿಕೆಯೋ, ನಾಚಿಕೆಯೋ. ಇನ್ನು ಕೊಡಲು ಆಗದೆ ಆ ಸೌಲಭ್ಯವನ್ನೇ ಕೈಬಿಟ್ಟವರು (ಹೆಚ್ಚು ನೊಂದವರು ಇವರೇ ಅಂತ ನನ್ನ ಅನಿಸಿಕೆ) ಲೆಕ್ಕಕ್ಕೇ ಸಿಗುವುದಿಲ್ಲ.

ಕೊಟ್ಟವರನ್ನು ಅಪರಾಧಿಗಳಂತೆ ಕಾಣದೆ ಕೇಳುವುದು ಹೇಗೆ? ಇಂಥ ಸಮೀಕ್ಷೆ ಮಾಡಿದ ಅನುಭವ ಇರುವವರು ನೀವು ಬಳಸಿದ ಪ್ರಶ್ನೆಗಳನ್ನು ಹಾಗೇ ಇಲ್ಲಿ ಹಾಕಿದರೆ ತುಂಬಾ ಉಪಕಾರವಾಗುತ್ತದೆ.