ಪದಚರ್ಚೆ: ‘ಡೆಕೊರೇಟೆಡ್’ ಅಧಿಕಾರಿಗೆ ಕನ್ನಡದಲ್ಲಿ ಏನೆನ್ನಬೇಕು? (ತುರ್ತು)

ಫಲಕದವಳು:
ಎಲ್ಲರಿಗೂ ನಮಸ್ಕಾರ. ಎರಡನೆಯ ಮಹಾಯುದ್ಧದ ಉತ್ತರ ಆಫ್ರಿಕಾ ರಂಗದ ಮೇಲಿನ ಪ್ರದರ್ಶನವೊಂದಕ್ಕೆ ಫಲಕಗಳನ್ನು ಅನುವಾದಿಸುತ್ತಿದ್ದೇನೆ. ನಾಳೆ ಬೆಳಿಗ್ಗೆ ಹನ್ನೊಂದಕ್ಕೆ ಮುದ್ರಣಕ್ಕೆ ಹೋಗಬೇಕು. ಜರ್ಮನ್ ಸೇನಾನಿ ಎರ್ವಿನ್ ರೊಮ್ಮೆಲ್ ಕುರಿತ ಫಲಕದಲ್ಲಿ ‘ಡೆಕೊರೇಟೆಡ್’ (ಸೇನಾ ಗೌರವ ಸಂದವನು ಎಂಬರ್ಥ) ಎಂಬ ಮಾತು ಮೂರು ಸಲ ಬಂದಿದೆ. ‘ಅಲಂಕೃತ ಅಧಿಕಾರಿ’ ಎಂದು ಬರೆದು ನೋಡಿದೆ. ಜಂಬೂಸವಾರಿಗೆ ಹೊರಟ ಆನೆ ಕಣ್ಣ ಮುಂದೆ ಬಂತು.

ಆತನಿಗೆ ಸಂದದ್ದು ಇಷ್ಟು: ಮೊದಲ ಮಹಾಯುದ್ಧದ ಮತಾಯುರ್ ಬೆಟ್ಟದ ಕಾಳಗಕ್ಕಾಗಿ 1917ರ ಡಿಸೆಂಬರಿನಲ್ಲಿ ‘ಪೂರ್ ಲ ಮೆರಿತ್’ ಎಂಬ ಸೇನಾ ಗೌರವ. ಫ್ರಾನ್ಸಿನಲ್ಲಿ 7ನೆಯ ಪ್ಯಾನ್‌ಜರ್ (ಟ್ಯಾಂಕ್) ಡಿವಿಷನ್ ನಡೆಸುತ್ತಿದ್ದಾಗ, 1940ರ ಮೇ ತಿಂಗಳಲ್ಲಿ ‘ನೈಟ್ಸ್ ಕ್ರಾಸ್’ ಎಂಬ ಇನ್ನೊಂದು ಗೌರವ. ಆಮೇಲೆ ಅದಕ್ಕೇ ಸೇರಿಸಿದ ಓಕ್ ಎಲೆ (1941), ಕತ್ತಿಗಳು (1942), ವಜ್ರಗಳು (1943). ಓಕ್ ಎಲೆಗೆ ಏನು ಮಾಡಲಿ?

ಎರಡನೆಯ ಪ್ರಶ್ನೆ: ಆತನ ಸಾವನ್ನು ‘ಬಲವಂತದ ಆತ್ಮಹತ್ಯೆ’ ಎನ್ನಬಹುದೇ?

ಶಾಸನಪ್ರಿಯ:
ಇದಕ್ಕೆ ಸಾವಿರ ವರ್ಷದಿಂದ ಪದವಿದೆ: ಬಾಳ್ಗಚ್ಚು. ಬಾಳ್ ಎಂದರೆ ಕತ್ತಿ, ಕರ್ಚು ಎಂದರೆ ತೊಳೆ. ಯುದ್ಧ ಗೆದ್ದು ಬಂದವನ ಕತ್ತಿ ತೊಳೆದು ಕೊಡುತ್ತಿದ್ದ ಕೊಡುಗೆ. ಚೋಳರ ಎದುರಿನ ತಕ್ಕೋಲದ ಕಾಳಗದ ನಂತರ ಗಂಗರ ದೊರೆ ಬೂತುಗ ತನ್ನ ಯೋಧ ಮಣಲೆರನಿಗೆ ಕೊಟ್ಟದ್ದು ಇದನ್ನೇ. ಆತಕೂರು ಶಾಸನ ನೋಡಿ. ಮಣಲೆರ ತಾನಾಗಿ ಬೇಡಿದ್ದು ಕಾಳಿ ಎಂಬ ನಾಯಿಯನ್ನು ಎಂಬುದು ಬೇರೆ ಮಾತು. ‘ಬಾಳ್ಗಚ್ಚು ಪಡೆದ ಅಧಿಕಾರಿ’ ಎನ್ನಿ.

ಕರಡು ತಿದ್ದುವವ:
ಬಾಳ್ಗಚ್ಚೆಂದರೆ ಊರು, ಭೂಮಿ. ಹಿಟ್ಲರ್ ರೊಮ್ಮೆಲ್‌ಗೆ ಊರು ಬರೆದುಕೊಟ್ಟನೇ? ಫಲಕ ಓದುವ ಹುಡುಗ ಬಾಳೆಕಾಯಿಯ ವಿಷಯ ಎಂದುಕೊಳ್ಳುತ್ತಾನೆ. ‘ಪದಕ ಪಡೆದ’ ಸಾಕು. ‘ಪದಕವಿಭೂಷಿತ’ ಬೇಡ, ಅದು ಸನ್ಮಾನಪತ್ರದ ಭಾಷೆ. ನಾಜಿ ಸೇನೆಯವನನ್ನು ವರ್ಣಿಸುವಾಗ ಅಷ್ಟು ಕೊಂಬು ಕಹಳೆ ಯಾಕೆ? ನಮ್ಮಲ್ಲಿ ಪದಕ ಎಂದರೆ ಮೊದಲಿನಿಂದಲೂ ಕೊರಳ ಹಾರಕ್ಕೆ ತೂಗುಹಾಕುವ ಒಡವೆ. ಪೂರ್ ಲ ಮೆರಿತ್, ನೈಟ್ಸ್ ಕ್ರಾಸ್ ಎರಡನ್ನೂ ಕೊರಳಿಗೇ ಕಟ್ಟಿಕೊಳ್ಳುತ್ತಿದ್ದರು. ಇದಕ್ಕಿಂತ ಹೊಂದುವ ಪದ ಇಲ್ಲ.

ಅಚ್ಚಗನ್ನಡಿಗ:
ಪದಕ ಸಂಸ್ಕೃತ. ‘ಮೆಚ್ಚು’ ಇರುವಾಗ ಸಾಲ ಯಾಕೆ? ‘ಹಲವು ಮೆಚ್ಚುಗಳ ಪಡೆಯಾಳು’ ಎನ್ನಿ. ಓಕ್ ಎಲೆ ನಮ್ಮವರಿಗೆ ತಿಳಿಯದು, ಆಲದೆಲೆ ಎಂದು ಮಾಡಿ. ಆತನ ಪದವಿ ಫೀಲ್ಡ್ ಮಾರ್ಷಲ್ ಎಂಬುದೂ ಬೇಡ, ‘ಹಿರಿಯ ಪಡೆಯೊಡೆಯ’.

ಕರಡು ತಿದ್ದುವವ:
ಆಲದೆಲೆಯ ಮೇಲೆ ಮಲಗುವವನು ಬಾಲಕೃಷ್ಣ. ಓಕ್ ಓಕ್ ಆಗಿಯೇ ಇರಲಿ. 1986ರಲ್ಲಿ ನಮ್ಮ ಕಾರಿಯಪ್ಪನವರಿಗೆ ಆ ಪದವಿ ಬಂದಾಗ ಕೊಡಗಿನಲ್ಲಿ ಯಾರೂ ‘ಹಿರಿಯ ಪಡೆಯೊಡೆಯ’ ಎನ್ನಲಿಲ್ಲ.

ಗಡಿಯಾಚೆಯವ:
ಸಾಲದ ಮಾತು ಬಂದದ್ದರಿಂದ ಹೇಳುತ್ತೇನೆ. ‘ಪೂರ್ ಲ ಮೆರಿತ್’ ಜರ್ಮನ್ ಅಲ್ಲ, ಶುದ್ಧ ಫ್ರೆಂಚ್. ‘ಯೋಗ್ಯತೆಗಾಗಿ’ ಎಂದು ಅರ್ಥ. 1740ರಲ್ಲಿ ಪ್ರಷ್ಯ ಎಂಬ ಜರ್ಮನ್ ರಾಜ್ಯದ ದೊರೆ ಎರಡನೆಯ ಫ್ರೆಡರಿಕ್ ಅದನ್ನು ಸ್ಥಾಪಿಸಿದಾಗ ಆತನ ಆಸ್ಥಾನದ ಭಾಷೆ ಫ್ರೆಂಚ್. ಮೊದಲ ಮಹಾಯುದ್ಧದಲ್ಲಿ ನಾಲ್ಕು ವರ್ಷ ಫ್ರೆಂಚರ ಮೇಲೆ ಗುಂಡು ಹಾರಿಸುತ್ತಲೇ ಜರ್ಮನರು ಫ್ರೆಂಚ್ ಹೆಸರಿನ ಪದಕಕ್ಕೆ ಹಾತೊರೆದರು. ಮತಾಯುರ್ ಹಿಡಿದ ಕೀರ್ತಿ ಮೊದಲು ಬೇರೊಬ್ಬ ಅಧಿಕಾರಿಗೆ ಹೋದಾಗ ರೊಮ್ಮೆಲ್ ದೂರು ಕೊಟ್ಟ. ಹೆಸರು ಪರಭಾಷೆಯದೆಂದು ಆತ ಗೊಣಗಿದ್ದು ಎಲ್ಲೂ ಕಾಣೆ.

ಅಚ್ಚಗನ್ನಡಿಗ:
ಅವರು ಸಾಲ ಮಾಡಿದರೆ ನಾವೂ ಮಾಡಬೇಕೇ? ಇಲ್ಲಿ ಕನ್ನಡಕ್ಕಿಂತ ಪ್ರಷ್ಯದ ಬಗ್ಗೆ ಕಾಳಜಿ ಹೆಚ್ಚು.

ಶಾಸನಪ್ರಿಯ:
ಬಾಳ್ಗಚ್ಚಿನಲ್ಲಿ ಒಂದಕ್ಷರ ಸಂಸ್ಕೃತವಿಲ್ಲ. ಆದರೂ ಯಾರಿಗೂ ಬೇಡ.

ಫಲಕದವಳು:
‘ಹಲವು ಪದಕಗಳನ್ನು ಪಡೆದ’ ಎಂದೇ ಹಾಕಿದ್ದೇನೆ. ಓಕ್ ಎಲೆ ಹಾಗೇ ಇದೆ. ಎರಡನೆಯ ಪ್ರಶ್ನೆಗೆ ಯಾರೂ ಉತ್ತರಿಸಲಿಲ್ಲ, ಹಾಗಾಗಿ ಹೀಗೆ ಬರೆದಿದ್ದೇನೆ: ‘1944ರ ಅಕ್ಟೋಬರ್ 14ರಂದು ಆತನನ್ನು ಆತ್ಮಹತ್ಯೆ ಮಾಡಿಕೊಳ್ಳುವಂತೆ ಮಾಡಲಾಯಿತು.’

ಕರಡು ತಿದ್ದುವವ:
‘ಮಾಡಲಾಯಿತು’ ತೆಗೆಯಿರಿ. ಕರ್ಮಣಿಯಲ್ಲಿ ಬರೆದರೆ ಮಾಡಿದವರು ತಪ್ಪಿಸಿಕೊಳ್ಳುತ್ತಾರೆ. ಹಿಟ್ಲರನನ್ನು ಕೊಲ್ಲುವ ಸಂಚಿನಲ್ಲಿ ಪಾಲಿದೆ ಎಂಬ ಆರೋಪವನ್ನು ರೊಮ್ಮೆಲ್ ಮೇಲೆ ಹೊರಿಸಿದ್ದರು. ಹೆರ್ಲಿಂಗೆನ್ ಊರಿನ ಆತನ ಮನೆಗೆ ಬಂದವರು ಬುರ್ಗ್‌ಡೋರ್ಫ್, ಮೈಸೆಲ್ ಎಂಬ ಇಬ್ಬರು ಜನರಲ್‌ಗಳು, ಸೈನೈಡ್ ಸಮೇತ. ನ್ಯಾಯಾಲಯಕ್ಕೆ ಬರುತ್ತೀಯೋ, ವಿಷ ತೆಗೆದುಕೊಳ್ಳುತ್ತೀಯೋ ಎಂದು ಕೇಳಿದರು. ಎರಡನೆಯದಾದರೆ ಹೆಂಡತಿ ಮಗನನ್ನು ಮುಟ್ಟುವುದಿಲ್ಲ ಎಂದರು. ವಜ್ರದ ಪದಕ ಕೊಟ್ಟವನೇ ವಿಷವನ್ನೂ ಕಳುಹಿಸಿದ, ನಾಲ್ಕು ದಿನ ಬಿಟ್ಟು ಸರ್ಕಾರಿ ಗೌರವದ ಅಂತ್ಯಕ್ರಿಯೆಯನ್ನೂ ಮಾಡಿಸಿದ. ‘ಹಿಟ್ಲರ್ ವಿಷ ಕಳುಹಿಸಿ ಸಾಯಿಸಿದ’ ಎಂದು ಕರ್ತರಿಯಲ್ಲೇ ಬರೆಯಿರಿ.

ಫಲಕದವಳು:
ತಿದ್ದಿದೆ. ಸಾಲೂ ಗಿಡ್ಡವಾಯಿತು, ಫಲಕದಲ್ಲಿ ಹಿಡಿಸಿತು.

ಅಚ್ಚಗನ್ನಡಿಗ:
ವಿಷ ಸಂಸ್ಕೃತ. ನಂಜು.