ಅಪ್‌ಡೇಟ್: ರನ್ಸಿಬಲ್ ಚಮಚದ ಗುಟ್ಟು

ತಲೆಬುಡವಿಲ್ಲದ ತಮಾಷೆ ಪದ್ಯಗಳ ಇಂಗ್ಲಿಷ್ ಕವಿ ಎಡ್ವರ್ಡ್ ಲಿಯರನ 1871ರ ಗೂಬೆ–ಬೆಕ್ಕಿನ ಪದ್ಯದಲ್ಲಿ ಬರುವ ‘ರನ್ಸಿಬಲ್’ ಚಮಚ ಎಂದರೇನು ಎಂದು ಹೋದ ವಾರ ಕೇಳಿದ್ದೆನಲ್ಲ, ಮಗಳ ಕಾಟ ತಾಳಲಾರದೆ?

ನಿಘಂಟು ನೋಡಿ ಎಂಬ ಸಲಹೆ ಫಲಿಸಲಿಲ್ಲ. ಅದರಲ್ಲಿ ಮುಳ್ಳುಚಮಚ ಎಂದಿದೆ. ಆದರೆ ಆ ಅರ್ಥ ಪದ್ಯ ಬಂದ ಮೇಲೆ ಅಂಟಿಕೊಂಡದ್ದು. ಲಿಯರ್ ಬೇರೆ ಕಡೆ ಟೋಪಿಗೂ ಬೆಕ್ಕಿಗೂ ಅದೇ ವಿಶೇಷಣ ಹಚ್ಚಿದ್ದಾನೆ, ಪುಣ್ಯಾತ್ಮ!

ಗೆದ್ದದ್ದು ‘ಅರ್ಥ ಬಿಡಿ, ಗಟ್ಟಿಯಾಗಿ ಓದಿ’ ಎಂದ ಮೇಷ್ಟ್ರ ಮಾತು. ಭಾನುವಾರ ಬಸವನಗುಡಿಯ ಮನೆಯಲ್ಲಿ ತಾಳ ಹಾಕಿ ಓದಿದೆ. ಪದ್ಯದ ಹಂದಿ ತನ್ನ ಮೂಗಿನ ಉಂಗುರವನ್ನು ಒಂದು ಶಿಲಿಂಗಿಗೆ ಮಾರುವಲ್ಲಿ ಮಗಳ ಬಾಯಿಯ ಉಪ್ಪಿಟ್ಟು ನನ್ನ ಅಂಗಿಯ ಮೇಲಿತ್ತು.

‘ರನ್ಸಿಬಲ್ ಏನೆಂದು ಕೇಳುವುದಿಲ್ಲವೇ?’ ಎಂದೆ.

‘ಅವಲಕ್ಕಿ ಪವಲಕ್ಕಿ ಆಡುವಾಗ ಪವಲಕ್ಕಿ ಏನೆಂದು ಯಾರಾದರೂ ಕೇಳುತ್ತಾರೇನಪ್ಪಾ?’ ಎಂದಳು.