ಕೃಷಿ ಮತ್ತು ಭೂಬಳಕೆಯ ಹೊರಸೂಸುವಿಕೆ: ದೇಶ ದೇಶಗಳ ಪಾಲನ್ನು ಹೋಲಿಸುವುದು ಹೇಗೆ?

ಪ್ರಶ್ನೆ (ಅಧ್ಯಾಪಕಿ, ಬಸವನಗುಡಿ)

ಪಿಯುಸಿ ವಿದ್ಯಾರ್ಥಿಗಳಿಗಾಗಿ ತರಗತಿಯ ಗೋಡೆಗೆ ಹಾಕುವ ಒಂದು ಚಾರ್ಟ್ ತಯಾರಿಸುತ್ತಿದ್ದೇನೆ. ವಿಶ್ವಸಂಸ್ಥೆಯ ಹವಾಮಾನ ವಿಜ್ಞಾನ ಸಮಿತಿಯಾದ ಐಪಿಸಿಸಿಯ ಆರನೇ ವರದಿಯ ಪ್ರಕಾರ, 2019ರಲ್ಲಿ ಜಗತ್ತು ಹೊರಸೂಸಿದ ಸುಮಾರು 5,900 ಕೋಟಿ ಟನ್ ಹಸಿರುಮನೆ ಅನಿಲಗಳಲ್ಲಿ ಕೃಷಿ, ಅರಣ್ಯ ಮತ್ತು ಇತರ ಭೂಬಳಕೆಯ ಪಾಲು ಶೇ. 22. ಭಾರತ ಸರ್ಕಾರ ವಿಶ್ವಸಂಸ್ಥೆಗೆ ಸಲ್ಲಿಸಿದ 2020ರ ಲೆಕ್ಕದಲ್ಲಿ ಕೃಷಿಯ ಪಾಲು ಶೇ. 14ಕ್ಕೂ ಕಡಿಮೆ. 'ಹಾಗಾದರೆ ನಮ್ಮ ಬೇಸಾಯ ಉಳಿದವರದಕ್ಕಿಂತ ಶುದ್ಧವೇ?' ಎಂದು ವಿದ್ಯಾರ್ಥಿಯೊಬ್ಬ ಕೇಳಿದ. ಈ ಎರಡು ಸಂಖ್ಯೆಗಳನ್ನು ಅಕ್ಕಪಕ್ಕ ಇಡಬಹುದೇ?

ಉತ್ತರ (ಮಣ್ಣುವಿಜ್ಞಾನದ ವಿದ್ಯಾರ್ಥಿ, ಹೆಬ್ಬಾಳ)

ಇಡಬಾರದು ಮೇಡಂ. ಶೇ. 22ರಲ್ಲಿ ಕಾಡು ಕಡಿದಾಗ ಹೊರಬರುವ ಇಂಗಾಲವೂ ಸೇರಿದೆ, ಅದೇ ಸುಮಾರು ಅರ್ಧದಷ್ಟಿದೆ. ಭಾರತದ ಸಂಖ್ಯೆ ಕೃಷಿಯದ್ದು ಮಾತ್ರ. ನಮ್ಮ ಅರಣ್ಯ ಮತ್ತು ಭೂಮಿ 2020ರಲ್ಲಿ ಸುಮಾರು 52 ಕೋಟಿ ಟನ್ ಹೀರಿಕೊಂಡಿವೆ ಎಂದು ಅದೇ ಲೆಕ್ಕ ಹೇಳುತ್ತದೆ. ಕೃಷಿ ಹೊರಸೂಸಿದ್ದು ಸುಮಾರು 40 ಕೋಟಿ ಟನ್. ಎರಡನ್ನೂ ಕೂಡಿಸಿಬಿಟ್ಟರೆ ಭಾರತದ ಬೇಸಾಯದಿಂದ ಏನೂ ಹೊರಬರುತ್ತಿಲ್ಲ ಎಂಬಂತೆ ಚಾರ್ಟ್ ಕಾಣುತ್ತದೆ, ಮಕ್ಕಳಿಗೆ ಅದು ತಪ್ಪು ಪಾಠವಾಗುತ್ತದೆ.

ಇನ್ನೊಂದು ಮಾತು ಭಾಜಕದ್ದು, ಅಂದರೆ ಯಾವ ಒಟ್ಟು ಮೊತ್ತದಿಂದ ಭಾಗಿಸುತ್ತೇವೆ ಎಂಬುದರದ್ದು. ನಮ್ಮ ಒಟ್ಟು ಹೊರಸೂಸುವಿಕೆಯ ಮುಕ್ಕಾಲು ಪಾಲು ಇಂಧನದಿಂದ, ಅದರಲ್ಲೂ ಮುಖ್ಯವಾಗಿ ಕಲ್ಲಿದ್ದಲಿನಿಂದ ಬರುವುದರಿಂದ ಕೃಷಿಯ ಶೇಕಡಾವಾರು ಪಾಲು ಕುಗ್ಗಿದಂತೆ ತೋರುತ್ತದೆ. ಬ್ರೆಜಿಲಿನಲ್ಲಿ ವಿದ್ಯುತ್ತು ಹೆಚ್ಚಾಗಿ ಜಲಶಕ್ತಿಯದು. ಅಮೆಜಾನ್ ಕಾಡು ಮತ್ತು ಸೆರಾಡೊ ಎಂಬ ಮರಹುಲ್ಲಿನ ಬಯಲು ಮೇವಿನ ಹುಲ್ಲುಗಾವಲಾಗಿ, ಸೋಯಾ ಹೊಲವಾಗಿ ಬದಲಾಗುತ್ತಿರುವುದರಿಂದ ಕೃಷಿ ಮತ್ತು ಭೂಬಳಕೆಯ ಪಾಲೇ ಅಲ್ಲಿ ಅರ್ಧವನ್ನು ದಾಟುತ್ತದೆ. ಇಂಡೊನೇಷ್ಯಾದ್ದು ಮತ್ತೊಂದು ಬಗೆ: 2015ರಂಥ ಒಣ ವರ್ಷದಲ್ಲಿ ಅಲ್ಲಿನ ಪೀಟ್ ನೆಲ (ಅರೆಕೊಳೆತ ಸಸ್ಯಗಳು ಶೇಖರವಾದ, ಇಂಗಾಲ ತುಂಬಿದ ಜೌಗು ಮಣ್ಣು) ಹೊತ್ತಿ ಉರಿದರೆ ಆ ವರ್ಷದ ಲೆಕ್ಕವೇ ಬದಲಾಗುತ್ತದೆ. ಆದ್ದರಿಂದ ಒಂದೇ ವರ್ಷವನ್ನು ಆಯ್ದುಕೊಳ್ಳಬೇಡಿ.

ಉತ್ತರ (ರಾಜಾಜಿನಗರ, ಊರು ಮಂಡ್ಯ ಕಡೆ)

ಟನ್ನುಗಳ ಹಿಂದೆ ಇರುವ ಗದ್ದೆಯನ್ನೂ ಮಕ್ಕಳಿಗೆ ತೋರಿಸಿ ಎಂದು ಕೇಳಿಕೊಳ್ಳುತ್ತೇನೆ. ನಾಲೆಯ ನೀರು ನಿಂತ ನಮ್ಮ ಭತ್ತದ ಗದ್ದೆಯಲ್ಲಿ ಕಾಲಿಟ್ಟರೆ ಕೆಸರಿನಿಂದ ಗುಳ್ಳೆಗಳು ಏಳುತ್ತವೆ. ಗಾಳಿಯಾಡದ ಆ ಮಣ್ಣಿನಲ್ಲಿ ಸೂಕ್ಷ್ಮಾಣುಗಳು ತಯಾರಿಸಿದ ಮಿಥೇನ್ ಅದರಲ್ಲಿದೆ. ನಡುನಡುವೆ ನೀರು ಬಸಿದು, ಮಣ್ಣು ತುಸು ಆರಿದ ಮೇಲೆ ಮತ್ತೆ ಹಾಯಿಸಿದರೆ ಮಿಥೇನ್ ಗಣನೀಯವಾಗಿ ಇಳಿಯುತ್ತದೆ. ಆದರೆ ಸರದಿಯಂತೆ ನಾಲೆಗೆ ನೀರು ಬಿಡುವ ಕಡೆ, ಮುಂದಿನ ನೀರು ಯಾವಾಗ ಎಂಬ ಭರವಸೆ ಇಲ್ಲದ ರೈತ ಗದ್ದೆಯನ್ನು ಆರಲು ಬಿಡುವುದಿಲ್ಲ. ಅವನ ಭಯ ನ್ಯಾಯವಾದದ್ದೇ.

ನಮ್ಮಲ್ಲಿ ಭತ್ತಕ್ಕಿಂತ ದೊಡ್ಡ ಮೂಲ ದನ ಮತ್ತು ಎಮ್ಮೆಗಳ ಮೆಲುಕು. 2019ರ ಜಾನುವಾರು ಗಣತಿಯಲ್ಲಿ ಇವೆರಡರ ಸಂಖ್ಯೆ 30 ಕೋಟಿ ದಾಟಿತ್ತು. ಭೂಮಿಯನ್ನು ಬಿಸಿಮಾಡುವ ಶಕ್ತಿಯಲ್ಲಿ ಮಿಥೇನನ್ನು 100 ವರ್ಷದ ಲೆಕ್ಕದಲ್ಲಿ ಇಂಗಾಲದ ಡೈಆಕ್ಸೈಡಿನ ಸುಮಾರು 27 ಪಟ್ಟು ಎಂದು ಹಿಡಿಯುತ್ತಾರೆ, 20 ವರ್ಷದ ಲೆಕ್ಕದಲ್ಲಿ ಅದು ಸುಮಾರು 80 ಪಟ್ಟಾಗುತ್ತದೆ. ಭಾರತದ ಪಾಲು ಎಷ್ಟು ಎಂಬುದು ಇದರ ಮೇಲೂ ನಿಂತಿದೆ.

ಮರುಮಾತು (ಅಧ್ಯಾಪಕಿ, ಬಸವನಗುಡಿ)

ಇಬ್ಬರಿಗೂ ಧನ್ಯವಾದಗಳು. ಶೇಕಡಾವಾರನ್ನು ಬಿಟ್ಟು ಟನ್ನುಗಳಲ್ಲೇ ಬರೆಯುತ್ತೇನೆ. ಗೆರೆಯ ಮೇಲೆ ಹೊರಸೂಸಿದ್ದು, ಕೆಳಗೆ ಹೀರಿಕೊಂಡದ್ದು. ಒಂದು ಅನುಮಾನ ಉಳಿದಿದೆ: ಬ್ರೆಜಿಲಿನ ಸೋಯಾ ಚೀನಾ, ಯುರೋಪುಗಳ ಹಂದಿ ಕೋಳಿಗಳಿಗೆ ಮೇವಾಗುವಾಗ ಅದರ ಭಾರವನ್ನು ಯಾರ ಹೆಸರಿಗೆ ಬರೆಯಬೇಕು?

ಉತ್ತರ (ಮಣ್ಣುವಿಜ್ಞಾನದ ವಿದ್ಯಾರ್ಥಿ, ಹೆಬ್ಬಾಳ)

ವಿಶ್ವಸಂಸ್ಥೆಗೆ ಸಲ್ಲಿಸುವ ಲೆಕ್ಕದಲ್ಲಿ ಬೆಳೆದ ದೇಶದ ಹೆಸರಿಗೇ ಬರುತ್ತದೆ ಮೇಡಂ. ಉಂಡವರ ಲೆಕ್ಕ ಬೇರೆಯೇ ಪದ್ಧತಿ. ಯಾವುದನ್ನು ಅನುಸರಿಸಿದ್ದೀರಿ ಎಂಬುದನ್ನು ಚಾರ್ಟಿನ ಶೀರ್ಷಿಕೆಯಲ್ಲೇ ಬರೆಯಿರಿ.